ಕಿವಿಗೆ ಹೊಂದುವ ಮಿಷನ್ನು, ಊರಿಗೆ ಹೊಂದುವ ಮಿಷನ್ನು

ವಡ್ಡಿನ ನಮ್ಮ ದೊಡ್ಡಪ್ಪನ ಮನೆಯಲ್ಲಿ ದೇವರ ಗೂಡಿನ ಪಕ್ಕ ಒಂದು ತಗಡಿನ ಡಬ್ಬಿ ಇದೆ. ಪಹಣಿ ನಕಲು, ರೇಷನ್ ಕಾರ್ಡು, ಮುರಿದ ಕನ್ನಡಕ, ಇವೆಲ್ಲದರ ಅಡಿಯಲ್ಲಿ ಅರಿವೆ ತುಂಡಿನಲ್ಲಿ ಸುತ್ತಿಟ್ಟ ಒಂದು ಕಿವಿ ಮಿಷನ್ನು. ಯಾವುದೋ ಶಿಬಿರದಲ್ಲಿ ಪುಕ್ಕಟೆ ಸಿಕ್ಕಿದ್ದು. ಅದನ್ನು ಅವರು ಹಾಕಿಕೊಂಡದ್ದು ಹೆಚ್ಚೆಂದರೆ ಇಪ್ಪತ್ತು ದಿನ. ಮೊದಲ ದಿನದಿಂದಲೇ ಅದು ಕುಂಯ್ ಎಂದು ಶಿಳ್ಳೆ ಹೊಡೆಯುತ್ತಿತ್ತು. ಊಟಕ್ಕೆ ಕೂತು ಅಗಿಯತೊಡಗಿದರೆ ಶಿಳ್ಳೆ ಇನ್ನೂ ಜೋರು. ಸೆಲ್ಲು ತೀರಿದಾಗ ಊರ ಅಂಗಡಿಯಲ್ಲಿ ಅಂಥದ್ದು ಇರಲಿಲ್ಲ, ಬಳ್ಳಾರಿಯಿಂದ ತರಿಸಿಕೊಟ್ಟೆವು. ಇಪ್ಪತ್ತೈದು ವರ್ಷ ಗಣಿಯಲ್ಲಿ ಡ್ರಿಲ್ಲಿಂಗ್ ಮಿಷನ್ನು ಹಿಡಿದು ಜೋಮು ಹಿಡಿದ ಬೆರಳುಗಳಿಗೆ, ಹುಣಸೆ ಬೀಜಕ್ಕಿಂತ ಸಣ್ಣದಾದ ಆ ಸೆಲ್ಲನ್ನು ಗೂಡಿನೊಳಗೆ ಕೂರಿಸಲು ಆಗಲಿಲ್ಲ. ಅದು ಜಾರಿ ಮಂಚದಡಿ ಉರುಳಿತು. ಮಿಷನ್ನು ಡಬ್ಬಿ ಸೇರಿತು.

"ಸದ್ದು ಕೇಳ್ತೈತೆಪ್ಪ, ಮಾತು ತಿಳಿಯಂಗಿಲ್ಲ" ಎಂದು ದೊಡ್ಡಪ್ಪ ಆಗ ಹೇಳಿದ್ದರು. ಅದನ್ನು ನಾನು ಬಹಳ ದಿನ ವಯಸ್ಸಾದವರ ಗೊಣಗಾಟ ಎಂದೇ ಎಣಿಸಿದ್ದೆ. ಕಿವಿಶಾಸ್ತ್ರ ಓದತೊಡಗಿದ ಮೇಲೆ ಗೊತ್ತಾಯಿತು, ರೋಗ ಪತ್ತೆಯ ಪೂರ್ತಿ ವರದಿ ಆ ಒಂದೇ ಮಾತಿನಲ್ಲಿತ್ತು.

ಕಿವಿ ಮಿಷನ್ನಿನಲ್ಲಿ ಈಚಿನ ದಶಕಗಳಲ್ಲಿ ಎರಡು ದೊಡ್ಡ ಬದಲಾವಣೆಗಳು ಆಗಿವೆ. ಮೊಬೈಲಿನಂತೆ ಚಾರ್ಜಿಗೆ ಇಡುವ ಮಿಷನ್ನು ಬಂದಿದೆ. ಅವರವರ ಕಿವಿಯ ಅಳತೆಗೇ ಅಚ್ಚು ಹಾಕಿ ಮಾಡುವ ಕೆಲಸ ಕೈಯಿಂದ ಕಂಪ್ಯೂಟರಿಗೆ ಹೋಗಿ ಬಹಳ ಕರಾರುವಾಕ್ಕಾಗಿದೆ. ದೊಡ್ಡಪ್ಪನ ಮಿಷನ್ನು ಡಬ್ಬಿ ಸೇರಲು ಕಾರಣವಾದದ್ದು ಶಿಳ್ಳೆ ಮತ್ತು ಸೆಲ್ಲು. ಎರಡಕ್ಕೂ ಈಗ ಉತ್ತರವಿದೆ ಎಂದ ಹಾಗಾಯಿತು. ಆ ಉತ್ತರ ಎಷ್ಟು ಗಟ್ಟಿ ಎಂಬುದನ್ನು ವಡ್ಡಿನ ಬಿಸಿಲು, ಕೆಂಪು ಧೂಳು, ಕರೆಂಟು, ಕೂಲಿ ಎಲ್ಲವನ್ನೂ ತಕ್ಕಡಿಗೆ ಹಾಕಿ ತೂಗಿ ನೋಡಬೇಕೆಂದು ಈ ಲೇಖನ.

ವಡ್ಡು ಸಂಡೂರು ತಾಲ್ಲೂಕಿನ ಊರು, ತೋರಣಗಲ್ಲಿನ ಪಕ್ಕ, ಬಳ್ಳಾರಿಗೂ ಹೊಸಪೇಟೆಗೂ ಹೆಚ್ಚೂಕಡಿಮೆ ನಡುದಾರಿಯಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಆ ಕಡೆಗೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಈ ಸೀಮೆಯ ದುಡಿಮೆ ಸದ್ದಿನದು. ಅದಿರಿನ ಗಣಿ, ಕ್ರಷರ್, ಉಕ್ಕಿನ ಕಾರ್ಖಾನೆ, ಹಗಲು ರಾತ್ರಿ ಓಡುವ ಲಾರಿ, ಅಕ್ಕಿ ಗಿರಣಿ. ಇಲ್ಲಿ ಕಿವಿ ಮಂದವಾಗುವುದು ಮುಪ್ಪಿನಿಂದ ಮಾತ್ರ ಅಲ್ಲ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಕೂದಲಿನಂಥ ಎಳೆ ಹೊತ್ತ ಸುಮಾರು 15,000 ಜೀವಕೋಶಗಳು. ದೊಡ್ಡ ಸದ್ದು ವರ್ಷಗಟ್ಟಲೆ ಬಡಿದರೆ ಇವು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವುದು 4000 ಹರ್ಟ್ಜ್ ಆಸುಪಾಸಿನ ಸದ್ದನ್ನು ಹಿಡಿಯುವ ಕೋಶಗಳು. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಅಲ್ಲೊಂದು ತಗ್ಗು ಬೀಳುತ್ತದೆ. ಸದ್ದಿನಲ್ಲಿ ದುಡಿದವರ ಕಿವಿಯ ಗುರುತೇ ಆ ತಗ್ಗು.

ಈ ತಗ್ಗಿಗೂ ಕನ್ನಡಕ್ಕೂ ಏನು ಸಂಬಂಧ? ನಮ್ಮ ಮಾತಿನ ಬಲವೆಲ್ಲ ಸ್ವರಗಳಲ್ಲಿದೆ. ಅ, ಆ, ಓ, ಊ ಕೆಳಗಿನ ಕಂಪನಗಳಲ್ಲಿ ದಪ್ಪಗೆ ಕೇಳುತ್ತವೆ. ಮ, ನ, ಲ ಕೂಡ ಹಾಗೆಯೇ. ಆದರೆ ಅರ್ಥವನ್ನು ಬೇರೆ ಮಾಡಿ ತೋರಿಸುವ ಸ, ಶ, ಚ, ತ, ಕ ಇವೆಲ್ಲ ಮೇಲಿನ ಕಂಪನಗಳನ್ನು ನಂಬಿಕೊಂಡಿವೆ, ಅದೂ ಬಹಳ ತೆಳ್ಳಗೆ. ಆ ಜಾಗ ಸವೆದ ಕಿವಿಗೆ 'ಸಾಲ'ವೂ 'ಕಾಲ'ವೂ ಒಂದೇ. ಊಟಕ್ಕೆ ಬಡಿಸುವ ಸೊಸೆ "ಸಾಕಾ ಮಾವ?" ಎಂದರೆ ದೊಡ್ಡಪ್ಪನಿಗೆ "ಹಾಕಾ ಮಾವ?" ಎಂದು ಕೇಳುತ್ತದೆ. ಅವರು ಹ್ಞೂಂ ಎನ್ನುತ್ತಾರೆ, ಆಕೆ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ತನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ ಎಂದು ಅವರಿಗೆ, ಮಾವ ಸುಮ್ಮಸುಮ್ಮನೆ ಸಿಡುಕುತ್ತಾರೆ ಎಂದು ಆಕೆಗೆ. ಹೆಂಗಸರ, ಮಕ್ಕಳ ದನಿ ಮೇಲಿನದಾದ್ದರಿಂದ ಮೊದಲು ದೂರವಾಗುವವರೂ ಮನೆಯವರೇ. 'ಗಂಡಸರ ಮಾತು ಕೇಳ್ತದೆ, ನಮ್ಮದು ಮಾತ್ರ ಕೇಳಲ್ಲ' ಎಂದು ಎಷ್ಟು ಮನೆಗಳಲ್ಲಿ ದೂರಿಲ್ಲ! ದೂರು ನಿಜ, ತಪ್ಪು ಮಾತ್ರ ಯಾರದೂ ಅಲ್ಲ.

ಇದನ್ನು ಇಷ್ಟು ಹೇಳಲು ಕಾರಣವಿದೆ. ಇಂಥ ಕಿವಿಗೆ ಎಲ್ಲ ಸದ್ದನ್ನೂ ಒಂದೇ ಸಮ ಏರಿಸುವ ಮಿಷನ್ನು ಕೊಟ್ಟರೆ ಲಾರಿಯ ಗುಡುಗು ದುಪ್ಪಟ್ಟಾಗುತ್ತದೆ, ಸೊಸೆಯ 'ಸ' ಅಲ್ಲೇ ಉಳಿಯುತ್ತದೆ. ಏರಬೇಕಾದದ್ದು ಮೇಲಿನ ಕಂಪನಗಳು ಮಾತ್ರ. ಇದು ಚೆನ್ನಾಗಿ ಸಾಧ್ಯವಾದದ್ದು 1996ರ ಹೊತ್ತಿಗೆ ಪೂರ್ತಿ ಡಿಜಿಟಲ್ ಮಿಷನ್ನುಗಳು ಮಾರುಕಟ್ಟೆಗೆ ಬಂದ ಮೇಲೆ. ಇವತ್ತಿನ ಯಾವುದೇ ಡಿಜಿಟಲ್ ಮಿಷನ್ನನ್ನೂ ಒಬ್ಬೊಬ್ಬರ ನಕ್ಷೆ ನೋಡಿ ಹೊಂದಿಸಬಹುದು. ಹೊಂದಿಸುವ ಮನುಷ್ಯ ಇರಬೇಕು ಅಷ್ಟೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಸೆಲ್ಲಿನ ಕಥೆ. ನಮ್ಮ ಹಳ್ಳಿಗಳು ಮೊದಲು ಕಂಡದ್ದು ಜೇಬಿನ ಮಿಷನ್ನು. ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣದಂಥ ಪೆಟ್ಟಿಗೆ, ಅಲ್ಲಿಂದ ಕಿವಿಗೆ ವೈರು. ನೋಡಲು ಚಂದವಿಲ್ಲ, ಬಟ್ಟೆ ಉಜ್ಜಿದ ಸದ್ದೆಲ್ಲ ಕಿವಿಗೆ. ಆದರೆ ಅದಕ್ಕೊಂದು ದೊಡ್ಡ ಗುಣವಿತ್ತು: ಟಾರ್ಚಿಗೆ ಹಾಕುವ ಪೆನ್ಸಿಲ್ ಸೆಲ್ಲೇ ಅದಕ್ಕೂ ಸಾಕು. ಬೀಡಿ, ಬೆಲ್ಲ ಮಾರುವ ಅಂಗಡಿಯಲ್ಲೂ ಆ ಸೆಲ್ಲು ಸಿಗುತ್ತಿತ್ತು. ಕಿವಿಯ ಹಿಂದೆ ಕೂರುವ ಚಂದದ ಮಿಷನ್ನು ಬಂದಾಗ ಆ ಅನುಕೂಲ ಹೋಯಿತು. ಅದಕ್ಕೆ ಬೇಕಾದದ್ದು ಜಿಂಕ್–ಏರ್ ಎಂಬ ಗುಂಡಿ ಸೆಲ್ಲು. ಅದರ ಮೇಲಿನ ಸಣ್ಣ ಸ್ಟಿಕ್ಕರ್ ಕಿತ್ತ ಕೂಡಲೇ ಸೂಜಿತೂತುಗಳಿಂದ ಗಾಳಿ ಒಳಹೊಕ್ಕು ಸತುವಿನೊಂದಿಗೆ ಸೇರಿ ವಿದ್ಯುತ್ತು ಹುಟ್ಟುತ್ತದೆ. ಒಮ್ಮೆ ಸ್ಟಿಕ್ಕರ್ ಕಿತ್ತರೆ ಮುಗಿಯಿತು, ಬಳಸಿದರೂ ಬಳಸದಿದ್ದರೂ ಅದು ಸವೆಯುತ್ತದೆ. ಒಣಹವೆಯಲ್ಲಿ ಒಳಗಿನ ತೇವ ಆರಿ ಇನ್ನೂ ಬೇಗ ಸಾಯುತ್ತದೆ. ಬಳ್ಳಾರಿಯ ಏಪ್ರಿಲ್ ತಿಂಗಳನ್ನು ನೆನೆಸಿಕೊಳ್ಳಿ.

ಕಿತ್ತಳೆ ಬಣ್ಣದ ಗುರುತಿನ 13ನೇ ಸೈಜಿನ ಸೆಲ್ಲು ಸುಮಾರು ಹತ್ತು ದಿನ ಬರುತ್ತದೆ ಎಂದು ಹಿಡಿದರೂ ಎರಡು ಕಿವಿಗೆ ವರ್ಷಕ್ಕೆ ಎಪ್ಪತ್ತಕ್ಕೂ ಹೆಚ್ಚು ಸೆಲ್ಲು. ಪ್ರತಿಸಲವೂ ಬೆರಳ ತುದಿಯ ಕಸರತ್ತು, ಪ್ರತಿಸಲವೂ ಪೇಟೆಗೆ ಹೋಗುವವರ ಕೈಕಾಲು ಹಿಡಿಯುವುದು. ಕಿವಿ ಮಂದವಾದವರ ಕಣ್ಣೂ ಬಹಳ ಸಲ ಮಂದವೇ ಆಗಿರುತ್ತದೆ. ಮಿಷನ್ನು ಬಿಟ್ಟುಬಿಡುವ ನಿರ್ಧಾರ ಇಂಥ ಸಣ್ಣ ಸೋಲುಗಳ ಮೊತ್ತ.

ಚಾರ್ಜಿನ ಮಿಷನ್ನು ಈ ಗಂಟನ್ನು ಬಿಚ್ಚಿತು. ಹಿಂದೆಯೂ ಚಾರ್ಜ್ ಮಾಡುವ ಸೆಲ್ಲುಗಳು ಇದ್ದವು, ಆದರೆ ಸಂಜೆಯಾಗುವುದರೊಳಗೆ ಕೈಕೊಡುತ್ತಿದ್ದವು. ಬೆಳ್ಳಿ–ಸತುವಿನ ಸೆಲ್ಲೂ ಕೆಲಕಾಲ ಬಂದುಹೋಯಿತು. 2016ರಲ್ಲಿ ಫೋನಾಕ್, ಸಿಗ್ನಿಯಾ ಕಂಪನಿಗಳು ಲೀಥಿಯಂ–ಅಯಾನ್ ಬ್ಯಾಟರಿಯನ್ನು ಒಳಗೇ ಮುಚ್ಚಿಟ್ಟ ಮಿಷನ್ನುಗಳನ್ನು ತಂದವು. ಮೂರು–ನಾಲ್ಕು ತಾಸು ಚಾರ್ಜಿಗೆ ಇಟ್ಟರೆ ಇಡೀ ದಿನ ಸಾಕು. ರಾತ್ರಿ ಮೊಬೈಲು ಚಾರ್ಜಿಗೆ ಹಾಕುವಾಗಲೇ ಇದನ್ನೂ ಡಬ್ಬಿಯಲ್ಲಿ ಇಟ್ಟರಾಯಿತು. ಸೆಲ್ಲಿನ ಬಾಗಿಲೇ ಇಲ್ಲದ್ದರಿಂದ ಬೆವರು, ಧೂಳು ಒಳಹೋಗಲು ದಾರಿಯೂ ಕಡಿಮೆ. ತೋರಣಗಲ್ಲಿನ ಸುತ್ತಿನ ಕೆಂಪು ಪುಡಿ ಕಂಡವರಿಗೆ ಇದು ಸಣ್ಣ ಲಾಭವಲ್ಲ. ಮಕ್ಕಳು ಗುಂಡಿ ಸೆಲ್ಲು ನುಂಗುವ ಭಯವೂ ತಪ್ಪಿತು.

ಆದರೂ ಮೂರು ಸಂಗತಿ ಗಮನಿಸಬೇಕು. ಹೆಚ್ಚಿನ ಕಂಪನಿಗಳು 40 ಡಿಗ್ರಿಗಿಂತ ಮೇಲಿನ ಸೆಕೆಯಲ್ಲಿ ಚಾರ್ಜ್ ಮಾಡಬೇಡಿ ಎನ್ನುತ್ತವೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ತಗಡಿನ ಮನೆಯೊಳಗೆ ಆ ಗಡಿ ದಾಟುವುದು ಸುಲಭ. ಚಾರ್ಜು ರಾತ್ರಿಗೇ ಇರಲಿ, ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಡುವುದಂತೂ ಬೇಡ. ಎರಡನೆಯದು, ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸೊರಗುತ್ತದೆ. ಆಗ ಬಹಳಷ್ಟು ಮಾದರಿಗಳಲ್ಲಿ ನಾವು ಬದಲಿಸುವಂತಿಲ್ಲ, ಕಂಪನಿಗೇ ಕಳಿಸಬೇಕು. ಕೊಳ್ಳುವ ದಿನವೇ ಆ ಖರ್ಚು ಕೇಳಿ ಬರೆಸಿಕೊಳ್ಳಬೇಕು. ಮೂರನೆಯದು ಕರೆಂಟು. ಡಬ್ಬಿಯಲ್ಲೇ ಎರಡು ಮೂರು ದಿನದ ಚಾರ್ಜು ಕೂಡಿಟ್ಟುಕೊಳ್ಳುವ ಮಾದರಿಗಳಿವೆ. ಕರೆಂಟು ಹೋಗಿ ಬರುವ ಊರಿಗೆ ಅಂಥದ್ದೇ ಸರಿ, ನೂರೆಂಟು ಬೇರೆ ಸೌಲಭ್ಯಗಳಿಗಿಂತ ಇದಕ್ಕೆ ದುಡ್ಡು ಕೊಡುವುದು ಜಾಣತನ.

ಆಫ್ರಿಕದ ಬೋಟ್ಸ್ವಾನದಲ್ಲಿ ನಡೆದ ಒಂದು ಪ್ರಯೋಗ ನನಗೆ ಈ ದೊಡ್ಡ ಕಂಪನಿಗಳ ಸಾಧನೆಗಿಂತ ಹೆಚ್ಚು ಹತ್ತಿರವೆನಿಸುತ್ತದೆ. ಹೋವರ್ಡ್ ವೈನ್‌ಸ್ಟೈನ್ ಎಂಬವರ ಮುಂದಾಳ್ತನದಲ್ಲಿ ಅಲ್ಲಿ 'ಸೋಲಾರ್ ಇಯರ್' ಹುಟ್ಟಿತು. ಮಾಮೂಲು ಗುಂಡಿ ಸೆಲ್ಲಿನ ಅಳತೆಗೇ ಚಾರ್ಜ್ ಆಗುವ ಸೆಲ್ಲು, ಅದಕ್ಕೆ ಬಿಸಿಲಿನಿಂದ ನಡೆಯುವ ಸಣ್ಣ ಚಾರ್ಜರು. ಅವನ್ನು ಜೋಡಿಸುವವರು ಕಿವುಡ ಯುವಕ ಯುವತಿಯರೇ. ಕೈಸನ್ನೆಯಲ್ಲಿ ಮಾತಾಡುವ ಬೆರಳುಗಳು ಸೂಕ್ಷ್ಮ ಬೆಸುಗೆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು. ಬಿಸಿಲು ನಮಗೇನು ಕಡಿಮೆಯೇ? ಹಳೆಯ ಮಿಷನ್ನನ್ನು ಎಸೆಯದೆ ಸೆಲ್ಲನ್ನಷ್ಟೇ ಬದಲಿಸುವ ಈ ದಾರಿ ನಮ್ಮ ಜಿಲ್ಲೆಗೆ ಯಾಕೆ ಬರಬಾರದು ಎಂದು ಹಲವು ಸಲ ಅಂದುಕೊಂಡಿದ್ದೇನೆ.

ಈಗ ಶಿಳ್ಳೆಯ ಮಾತು. ಮಿಷನ್ನಿನಿಂದ ಕಿವಿಯೊಳಗೆ ಹೋದ ಸದ್ದು ಸಂದಿಯಿಂದ ಸೋರಿ ಹೊರಬಂದು ಮತ್ತೆ ಮೈಕಿಗೆ ಬಿದ್ದರೆ ಕುಂಯ್ ಎನ್ನುತ್ತದೆ. ಜಾತ್ರೆಯ ಸ್ಪೀಕರಿನ ಮುಂದೆ ಮೈಕು ಹಿಡಿದಾಗ ಆಗುವುದೂ ಇದೇ. ಸಂದಿ ಯಾಕೆ ಉಳಿಯಿತು? ಶಿಬಿರದಲ್ಲಿ ಕೊಟ್ಟದ್ದು ಎಲ್ಲರಿಗೂ ಒಂದೇ ಅಳತೆಯ ರಬ್ಬರ್ ಬಿರಡೆ. ಕಿವಿಯ ದಾರಿಯೋ, ಎರಡು ಕಡೆ ತಿರುವಿರುವ ಓಣಿ. ಒಬ್ಬರದು ಇನ್ನೊಬ್ಬರದರಂತೆ ಇರುವುದಿಲ್ಲ, ಒಬ್ಬರದೇ ಎಡಗಿವಿ ಬಲಗಿವಿ ಕೂಡ ಒಂದೇ ತರ ಇರುವುದಿಲ್ಲ.

ಅಳತೆ ತೆಗೆಯುವುದನ್ನು ಹತ್ತಿರ ಕೂತು ನೋಡಿದ್ದೇನೆ. ಮೊದಲು ದೀಪ ಹಿಡಿದು ಕಿವಿ ನೋಡುತ್ತಾರೆ. ಗುಗ್ಗೆಯಿದ್ದರೆ ಅವತ್ತು ಕೆಲಸ ನಿಂತಂತೆ. ಆಮೇಲೆ ದಾರ ಕಟ್ಟಿದ ಪುಟ್ಟ ಹತ್ತಿಯುಂಡೆಯನ್ನು ಎರಡನೇ ತಿರುವಿನಾಚೆ ಕೂರಿಸುತ್ತಾರೆ. ಅದು ತಮಟೆಗೆ ಕಾವಲು. ಎರಡು ಬಣ್ಣದ ಸಿಲಿಕೋನ್ ಕಣಕವನ್ನು ನಾದಿ, ದಪ್ಪ ಸಿರಿಂಜಿನಿಂದ ಒಳಗಿನಿಂದ ಹೊರಕ್ಕೆ ತುಂಬುತ್ತಾ ಬರುತ್ತಾರೆ. ನಾಲ್ಕೈದು ನಿಮಿಷಕ್ಕೆ ಅದು ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ದವಡೆ ಆಡಿಸಲು ಹೇಳಿದರೋ ಇಲ್ಲವೋ ಎಂಬುದೇ ಮುಖ್ಯ. ಅಗಿಯುವಾಗ ಕಿವಿದಾರಿಯ ಆಕಾರ ಬದಲಾಗುತ್ತದೆ. ಎಲೆಅಡಿಕೆ ಹಾಕುವ ನಮ್ಮ ಹಿರಿಯರ ದವಡೆಗೆ ಬಿಡುವೆಲ್ಲಿ? ಸುಮ್ಮನೆ ಕೂರಿಸಿ ತೆಗೆದ ಅಚ್ಚು ಅವರ ಬಾಯಿ ಆಡಿದೊಡನೆ ಸಡಿಲವಾಗಿ ಶಿಳ್ಳೆ ಹೊಡೆಯುತ್ತದೆ. ಹೊರತೆಗೆದ ಅಚ್ಚು ನೋಡಿದರೆ ಬೆರಗು, ಕಿವಿಯ ಒಂದೊಂದು ಗೆರೆಯೂ ಅದರಲ್ಲಿ ಇಳಿದಿರುತ್ತದೆ.

ಹಿಂದೆ ಆ ಅಚ್ಚಿನಿಂದ ಮತ್ತೊಂದು ಅಚ್ಚು ಮಾಡಿ, ಅಕ್ರಿಲಿಕ್ ಸುರಿದು, ಕೈಯಲ್ಲಿ ಉಜ್ಜಿ ನಯ ಮಾಡುತ್ತಿದ್ದರು. ಉಜ್ಜುವ ಕೈ ಒಂದು ಕೂದಲೆಳೆ ಹೆಚ್ಚು ಉಜ್ಜಿದರೂ ಸೋರುತ್ತಿತ್ತು. ಈಗ ಅಚ್ಚನ್ನು ಲೇಸರ್ ಸ್ಕ್ಯಾನರಿಗೆ ಇಟ್ಟು, ಕಂಪ್ಯೂಟರಿನಲ್ಲಿ ತಿದ್ದಿ, ರಾಳವನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡುತ್ತಾ ಮೂರು ಆಯಾಮದ ಮುದ್ರಣದಲ್ಲಿ ಚಿಪ್ಪು ತೆಗೆಯುತ್ತಾರೆ. ಮೂರು ಆಯಾಮದ ಮುದ್ರಣವನ್ನು ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಒಪ್ಪಿಕೊಂಡ ಉದ್ಯಮ ಬೇರೊಂದಿಲ್ಲ ಎನ್ನಬಹುದು. ಚಿಪ್ಪು ಒಡೆದರೆ ಮತ್ತೆ ಅಳತೆ ಕೊಡಬೇಕಿಲ್ಲ, ಕಂಪ್ಯೂಟರಿನಲ್ಲಿ ಉಳಿದ ನಕ್ಷೆಯಿಂದ ಇನ್ನೊಂದನ್ನು ಮುದ್ರಿಸಬಹುದು.

ಅಳತೆಯ ಅಚ್ಚಿನಿಂದ ಎರಡು ಬಗೆಯ ವಸ್ತು ಆಗುತ್ತವೆ. ಈ ವ್ಯತ್ಯಾಸ ತಿಳಿಯದೆ ಜನ ಮೋಸಹೋಗುತ್ತಾರೆ. ಒಂದು, ಮಿಷನ್ನು ಕಿವಿಯ ಹಿಂದೆಯೇ ಇದ್ದು ಅದರ ನಳಿಕೆ ಸೇರುವ ಬಿರಡೆ ಮಾತ್ರ ಅಳತೆಯದು. ಇನ್ನೊಂದು, ಇಡೀ ಮಿಷನ್ನೇ ಆ ಚಿಪ್ಪಿನೊಳಗೆ ಅಡಗಿ ಕಿವಿಯಲ್ಲಿ ಕೂರುವುದು. ಅಮೆರಿಕದ ಸ್ಟಾರ್ಕಿ ಕಂಪನಿ 1970ರ ದಶಕದಲ್ಲೇ ಎರಡನೆಯದನ್ನು ಜನಪ್ರಿಯ ಮಾಡಿತು. ಅದಕ್ಕೆ ಚಾರ್ಜಿನ ಬ್ಯಾಟರಿ ತುರುಕುವುದು ಮಾತ್ರ ಬಹಳ ವರ್ಷ ಆಗಿರಲಿಲ್ಲ. ಒಬ್ಬೊಬ್ಬರ ಚಿಪ್ಪೂ ಒಂದೊಂದು ಆಕಾರ, ಚಾರ್ಜರಿನಲ್ಲಿ ಕೂರಿಸುವುದು ಹೇಗೆ? 2020ರಲ್ಲಿ ಸ್ಟಾರ್ಕಿ ಅದನ್ನು ಸಾಧಿಸಿತು. ಸಿಗ್ನಿಯಾ ತಂತಿಯ ತುದಿ ಮುಟ್ಟದೆಯೇ ಚಾರ್ಜ್ ಆಗುವ ಅಳತೆಯ ಮಿಷನ್ನನ್ನು ತಂದಿತು. ಚಂದಕ್ಕೂ ಸಲೀಸಿಗೂ ಇದೇ ತುದಿ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಸೀಮೆಯ ಹೆಚ್ಚಿನವರಿಗೆ ಪೂರ್ತಿ ಕಿವಿಯೊಳಗಿನ ಮಿಷನ್ನು ಬೇಡ. ಕಿವಿ ಸೋರುವ ಕಾಯಿಲೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಸೋರುವ ಕಿವಿಗೆ ಬಿರಡೆ ಬಡಿದರೆ ಕೀವು ಒಳಗೇ ಕೊಳೆಯುತ್ತದೆ, ಮಿಷನ್ನೂ ಕೆಡುತ್ತದೆ. ಅಂಥವರು ಮೊದಲು ಕಿವಿ ವೈದ್ಯರ ಹತ್ತಿರ ಹೋಗಬೇಕು, ವಾಸಿಯಾಗದಿದ್ದರೆ ಮೂಳೆಯ ಮೂಲಕ ಸದ್ದು ಒಯ್ಯುವ ಪಟ್ಟಿಯ ಮಿಷನ್ನಿದೆ. ತೀರಾ ಹೆಚ್ಚು ಕಿವುಡಿದ್ದವರಿಗೆ ಬೇಕಾದ ಬಲ ಆ ಪುಟ್ಟ ಚಿಪ್ಪಿನಲ್ಲಿ ಸಿಗುವುದಿಲ್ಲ. ಇನ್ನು ದೊಡ್ಡಪ್ಪನಂಥವರು. ಅವರಿಗೆ ಕೆಳಗಿನ ಕಂಪನಗಳ ಸದ್ದು ಚೆನ್ನಾಗಿಯೇ ಕೇಳುತ್ತದೆ. ಕಿವಿಯನ್ನು ಪೂರ್ತಿ ಮುಚ್ಚಿದರೆ ತಮ್ಮ ದನಿಯೇ ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ. ಅವರಿಗೆ ಬೇಕಾದದ್ದು ಕಿವಿಯ ಹಿಂದಿನ ಚಾರ್ಜಿನ ಮಿಷನ್ನು, ಜೊತೆಗೆ ಅವರದೇ ಅಳತೆಯ, ನಡುವೆ ಸರಿಯಾದ ಗಾತ್ರದ ಗಾಳಿತೂತು ಇರುವ ಬಿರಡೆ. ತೂತು ಹೆಚ್ಚು ದೊಡ್ಡದಾದರೆ ಶಿಳ್ಳೆ, ಸಣ್ಣದಾದರೆ ಗುಂಯ್‌ಗಾಟ. ಆ ತೂತಿನ ಲೆಕ್ಕ ಗೊತ್ತಿರುವವರು ಸಾವಿರಾರು ರೂಪಾಯಿಯ ಸೌಲಭ್ಯಗಳಿಗಿಂತ ದೊಡ್ಡವರು.

ಕೃತಕ ಬುದ್ಧಿಮತ್ತೆಯಿಂದ ಗದ್ದಲದ ನಡುವೆ ಮಾತನ್ನು ಹೆಕ್ಕುವ ಮಿಷನ್ನುಗಳು, ಮೊಬೈಲಿನ ಕರೆಯನ್ನು ನೇರ ಕಿವಿಗೆ ಕೊಡುವವು, 2022ರ ಅಕ್ಟೋಬರಿನಿಂದ ಅಮೆರಿಕದಲ್ಲಿ ಚೀಟಿಯಿಲ್ಲದೆ ಅಂಗಡಿಯಲ್ಲೇ ಸಿಗತೊಡಗಿದವು, ಇವೂ ಇವೆ. ಒಳ್ಳೆಯವೇ. ಆದರೆ ಒಳ್ಳೆಯ ಮಾದರಿಯ ಒಂದು ಜೋಡಿಗೆ ಒಂದು ಬೈಕಿನ ಬೆಲೆ, ಮೇಲಿನವಕ್ಕೆ ಎರಡು ಮೂರು ಬೈಕಿನ ಬೆಲೆ.

ಹಾಗಾದರೆ ಯಾರು ಕೊಡಬೇಕು? ದಾರಿಗಳು ಇಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ರಾಜ್ಯದಲ್ಲೇ ಇದೆ. ಪರೀಕ್ಷೆ, ಅಚ್ಚು, ಮಿಷನ್ನು, ತರಬೇತಿ ಎಲ್ಲ ಒಂದೇ ಆವರಣದಲ್ಲಿ. ಕನ್ನಡದ ಪದಪಟ್ಟಿ ಓದಿ ಕಿವಿ ಪರೀಕ್ಷಿಸುವ ಕ್ರಮ ಬೆಳೆದದ್ದೂ ಅಲ್ಲಿಯೇ. ಆದರೆ ವಡ್ಡಿನವರಿಗೆ ಅದು ಹಂಪಿ ಎಕ್ಸ್‌ಪ್ರೆಸ್ಸಿನ ಒಂದು ರಾತ್ರಿಯಷ್ಟು ದೂರ. ಬಳ್ಳಾರಿಯ ವೈದ್ಯಕೀಯ ಕಾಲೇಜು ಹತ್ತಿರದ್ದು. ಕೇಂದ್ರದ ಅಲಿಮ್ಕೊ ಸಂಸ್ಥೆ ಮಿಷನ್ನುಗಳನ್ನು ಪೂರೈಸುತ್ತದೆ, ಬಡ ಹಿರಿಯರಿಗೆಂದು 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಬಂತು, ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006ರಿಂದ ಇದೆ.

ಕೊರತೆ ಇರುವುದು ಎರಡು ಕಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ ಮಾತಿನ ಕಂಪನಗಳಲ್ಲಿ 60 ಡೆಸಿಬಲ್ ನಷ್ಟವಾದರೆ ಮಂದ ಶ್ರವಣ ಎನ್ನುತ್ತದೆ, 70 ಆದರೆ ಕಿವುಡು. ಗಣಿಯ ಕಿವಿ ಕೆಳಗಿನ ಕಂಪನಗಳಲ್ಲಿ ಗಟ್ಟಿ, ಮೇಲಿನವುಗಳಲ್ಲಿ ಪೊಳ್ಳು. ಸರಾಸರಿ ತೆಗೆದರೆ ಆ ಪೊಳ್ಳು ಮುಚ್ಚಿಹೋಗುತ್ತದೆ. ಮನೆಯವರ ಮಾತು ತಿಳಿಯದವನು ಕಾಗದದ ಮೇಲೆ ಚೆನ್ನಾಗಿ ಕೇಳುವವನಾಗಿ ಉಳಿಯುತ್ತಾನೆ. ಸದ್ದಿನಿಂದ ಬಂದ ಕಿವುಡನ್ನು ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿ ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತ್ತು. ಎಂಟು ತಾಸಿಗೆ 90 ಡೆಸಿಬಲ್, 100 ಆದರೆ ಎರಡೇ ತಾಸು ಎಂದು ನಿಯಮವೂ ಇದೆ. ದಿನಗೂಲಿಯವರು, ಸಣ್ಣ ಕ್ರಷರಿನವರು, ಲಾರಿ ಚಾಲಕರು ಈ ಲೆಕ್ಕದ ಒಳಗೆ ಬರುವುದು ಕಷ್ಟ.

ಎರಡನೇ ಕೊರತೆ ಇನ್ನೂ ದೊಡ್ಡದು. ಶಿಬಿರದಲ್ಲಿ ಮಿಷನ್ನು ಕೊಟ್ಟ ದಿನಕ್ಕೆ ಎಲ್ಲರ ಕೆಲಸ ಮುಗಿಯುತ್ತದೆ, ಕಿವಿಯ ಕೆಲಸ ಅವತ್ತು ಶುರುವಾಗುತ್ತದೆ. ವರ್ಷಗಟ್ಟಲೆ ಮೇಲಿನ ಸದ್ದು ಕೇಳದ ಮಿದುಳಿಗೆ ಚಮಚದ ಸದ್ದೂ ಮೊದಲು ಚುಚ್ಚುತ್ತದೆ. ಎರಡು ವಾರಕ್ಕೊಮ್ಮೆ ಒಂದಿಷ್ಟು ಏರಿಸುತ್ತಾ ಹೋಗಬೇಕು. ಮೂರು ನಾಲ್ಕು ಸಲದ ಹೊಂದಾಣಿಕೆ ಇಲ್ಲದೆ ಯಾವ ಮಿಷನ್ನೂ ಕಿವಿಗೆ ಒಗ್ಗುವುದಿಲ್ಲ. ಅದಕ್ಕಾಗಿ ಹಿರಿಯರು ಪ್ರತಿಸಲ ಬಸ್ಸು ಹತ್ತಬೇಕೇ? ಸಂಡೂರು, ಕಂಪ್ಲಿಯ ತಾಲ್ಲೂಕು ಆಸ್ಪತ್ರೆಗಳಿಗೆ ತಿಂಗಳಿಗೆ ಎರಡು ದಿನ ಒಬ್ಬ ಶ್ರವಣತಜ್ಞ, ಒಂದು ಸಿಲಿಕೋನ್ ಸಿರಿಂಜು, ಒಂದು ಲ್ಯಾಪ್‌ಟಾಪು ಬಂದರೆ ಸಾಕು. ಅಚ್ಚನ್ನು ಅಂಚೆಯಲ್ಲೂ ಕಳಿಸಬಹುದು, ಸ್ಕ್ಯಾನ್ ಮಾಡಿದರೆ ಮಿಂಚಂಚೆಯಲ್ಲೂ. ಹೊಸ ತಂತ್ರಜ್ಞಾನದ ನಿಜವಾದ ವರ ಇದು, ಅಚ್ಚು ತೆಗೆಯುವ ಜಾಗವೂ ಚಿಪ್ಪು ಮಾಡುವ ಜಾಗವೂ ಒಂದೇ ಇರಬೇಕಿಲ್ಲ.

ಅದೇ ಸಿರಿಂಜಿನಿಂದ ಇನ್ನೊಂದು ಕೆಲಸವೂ ಆಗುತ್ತದೆ. ಇವತ್ತು ಕ್ರಷರಿನಲ್ಲಿ ದುಡಿಯುವ ಹುಡುಗನ ಕಿವಿಗೆ ಅವನದೇ ಅಳತೆಯ ಸದ್ದುತಡೆ ಬಿರಡೆ ಮಾಡಿಕೊಡಬಹುದು. ಎಲ್ಲರಿಗೂ ಒಂದೇ ಅಳತೆಯ ನೊರೆಯ ಬಿರಡೆ ಚುಚ್ಚುತ್ತದೆಂದು ಕಿತ್ತು ಜೇಬಿಗೆ ಹಾಕುವವರು ತಮ್ಮ ಕಿವಿಯ ಅಳತೆಯದನ್ನು ಹಾಕಿಕೊಂಡೇ ಇರುತ್ತಾರೆ.

ಕಿವಿಯ ವಿಷಯ ಕಿವಿಗೇ ನಿಲ್ಲುವುದಿಲ್ಲ ಎನ್ನಲು ಒಂದು ಅಧ್ಯಯನ ನೆನೆಯುತ್ತೇನೆ. 2023ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದದ್ದು, ಅಮೆರಿಕದ 70ರಿಂದ 84 ವಯಸ್ಸಿನ 977 ಜನರ ಮೇಲಿನದು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಮಿಷನ್ನಿನಿಂದ ನೆನಪಿನ ಸವೆತದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ ಮೂರು ವರ್ಷದಲ್ಲಿ ಆ ಸವೆತ ಶೇಕಡ 48ರಷ್ಟು ನಿಧಾನವಾಗಿತ್ತು. ಜಗುಲಿಯ ಮಾತುಕತೆಯಿಂದ ಹಿಂದೆ ಸರಿದು ಗೋಡೆ ನೋಡುತ್ತಾ ಕೂತ ಹಿರಿಯರನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ದೊಡ್ಡಪ್ಪನ ಡಬ್ಬಿಯ ಮಿಷನ್ನನ್ನು ಕಳೆದ ವರ್ಷ ಹೊರತೆಗೆದು ಶ್ರವಣತಜ್ಞರಿಗೆ ತೋರಿಸಿದೆವು. ಮಿಷನ್ನು ಕೆಟ್ಟಿರಲಿಲ್ಲ. ಅಳತೆಯ ಬಿರಡೆ ಹಾಕಿ, ಅವರ ನಕ್ಷೆಗೆ ಹೊಂದಿಸಿದ ಮೇಲೆ ಶಿಳ್ಳೆ ನಿಂತಿತು. ಸೆಲ್ಲನ್ನು ಮೊಮ್ಮಗಳು ಹಾಕಿಕೊಡುತ್ತಾಳೆ, ಚಾರ್ಜಿನದಕ್ಕೆ ದುಡ್ಡು ಕೂಡಿಸುತ್ತಿದ್ದೇವೆ. ನಿಮ್ಮ ಮನೆಯ ಗೂಡಿನಲ್ಲೋ ಟ್ರಂಕಿನಲ್ಲೋ ಇಂಥದ್ದೊಂದು ಮಿಷನ್ನು ಬಿದ್ದಿದ್ದರೆ ದಯವಿಟ್ಟು ತೆಗೆಯಿರಿ. ಹೊಸದನ್ನು ಕೊಳ್ಳುವ ಮೊದಲು ಅದನ್ನೂ ಅದರ ಹಿರಿಯರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ, ಕಿವಿಯ ಅಳತೆ ತೆಗೆಸಿ, ಎರಡು ವಾರಕ್ಕೆ ಮತ್ತೆ ಬರುತ್ತೇವೆಂದು ದಿನ ಗೊತ್ತು ಮಾಡಿಕೊಂಡು ಬನ್ನಿ.